ಅಪ್‌ಡೇಟ್: ಗೇಮ್ ಮಧ್ಯೆ ರೀಸ್ಟಾರ್ಟ್ ಆಗುತ್ತಿದ್ದ ಪಿಸಿ ಸರಿಯಾಯ್ತು
ಹೋದ ವಾರ ಕೇಳಿದ್ದೆ: ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಪಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಎರರ್ ತೋರಿಸುವ ನೀಲಿ ಸ್ಕ್ರೀನ್ ಕೂಡ ಬರುವುದಿಲ್ಲ ಅಂತ. ವಿಂಡೋಸ್‌ನ ದಾಖಲೆ ಪಟ್ಟಿ ಈವೆಂಟ್ ವ್ಯೂವರ್‌ನಲ್ಲಿ ಬರೀ ಕರ್ನಲ್-ಪವರ್ 41 ಅನ್ನುವ ಎರರ್. ಅದು ಕಾರಣ ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಹೇಳುತ್ತದೆ.

ಮೊದಲ ಅನುಮಾನ ವೋಲ್ಟೇಜ್ ಮೇಲೆ. ಕುಂಬಳೆಯಲ್ಲಿ ಮಳೆ ಹಿಡಿದರೆ ಕರೆಂಟಿನ ಕಣ್ಣಾಮುಚ್ಚಾಲೆ ಗೊತ್ತಲ್ವಾ. ಪಿಸಿ ಹೊತ್ತುಕೊಂಡು ಕಾಸರಗೋಡಿನ ಅಕ್ಕನ ಮನೆಗೆ ಹೋದೆ. ಅಲ್ಲೂ ಅದೇ ಕತೆ. ರ‍್ಯಾಮ್ ಟೆಸ್ಟ್, ಟೆಂಪರೇಚರ್ ಎಲ್ಲ ಸರಿ ಇತ್ತು.

ಕೊನೆಗೆ ಕೇಸ್ ಬಿಚ್ಚಿ ಟಾರ್ಚ್ ಹಿಡಿದೆ. ಗ್ರಾಫಿಕ್ಸ್ ಕಾರ್ಡಿನ ಎರಡೂ ಎಂಟು-ಪಿನ್ ಸಾಕೆಟ್‌ಗೆ ಒಂದೇ ಕೇಬಲ್‌ನ ಕವಲು! ಒಂದೊಂದು ಪ್ಲಗ್ 150 ವಾಟ್‌ನದು, ಎರಡರ ಭಾರವೂ ಒಂದೇ ಕೇಬಲ್ ಮೇಲೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಕಡೆಯ ತುದಿಯಲ್ಲಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಟಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಮೂಗು ಹತ್ತಿರ ಒಯ್ದರೆ ಸುಟ್ಟ ವಾಸನೆ. ಸುಮ್ನೆ ವಿಂಡೋಸ್ ಎರಡು ಸಲ ಹಾಕಿದ್ದೆ ನೋಡಿ.

ಸಾಕೆಟ್ಟೂ ಕಪ್ಪಾಗಿದ್ದರಿಂದ ಎಸ್‌ಎಂಪಿಎಸ್ಸನ್ನೇ ಬದಲಾಯಿಸಿ, ಎರಡು ಬೇರೆ ಬೇರೆ ಕೇಬಲ್ ಹಾಕಿದೆ. ಹಳೇ ಕೇಬಲ್ ಹೊಸದಕ್ಕೆ ಚುಚ್ಚಬೇಡಿ, ಪಿನ್ ಜೋಡಣೆ ಬೇರೆ ಇದ್ದರೆ ಕಾರ್ಡೇ ಹೋದೀತು.

ನಿನ್ನೆ ಮೂರು ಗಂಟೆ ಆಡಿದೆ. ಪಿಸಿ ನಿಲ್ಲಲಿಲ್ಲ, ಅಮ್ಮ ಬಂದು ನಿಲ್ಲಿಸಿದರು.