ಪುಟ್ಟನ ಮ್ಯಾಂಡರಿನ್ ಮೀನು ಮತ್ತು ನಮ್ಮ ಹಳೆಮನೆ ಗುಂಪು

ನಮ್ಮ ಕುಟುಂಬದ ಹಳೆಮನೆ ವಾಟ್ಸ್ಯಾಪ್ ಗುಂಪಿನಲ್ಲಿ 23 ಜನ ಇದ್ದೇವೆ. ಮಾತಾಡುವವರು ಏಳೆಂಟು ಮಂದಿ, ಉಳಿದವರದು ಬರೀ ನೀಲಿ ಗೆರೆ. ಮೇ ತಿಂಗಳ ಒಂದು ಭಾನುವಾರ ಕಾರವಾರದ ಪುಟ್ಟ, ಅಂದರೆ ನನ್ನ ಚಿಕ್ಕಪ್ಪನ ಮಗ, ಒಂದು ವಿಡಿಯೋ ಹಾಕಿದ. ಆಮೇಲೆ ಆದದ್ದನ್ನು ಅವನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ. ದೊಡ್ಡಪ್ಪನ ಶುಭೋದಯದ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಪುಟ್ಟ: (ವಿಡಿಯೋ) ಮನೆಗೆ ಹೊಸ ಅತಿಥಿ! ಮ್ಯಾಂಡರಿನ್ ಮೀನು. ಫಿಲಿಪೈನ್ಸ್ ಕಡೆಯದಂತೆ. ಮೂರೂವರೆ ಸಾವಿರ. ಅಮ್ಮನಿಗೆ ಎಂಟುನೂರು ಅಂತ ಹೇಳಿದ್ದೇನೆ, ಯಾರೂ ಬಾಯಿ ಬಿಡಬೇಡಿ.

ಚಿಕ್ಕಮ್ಮ: ನಾನೂ ಈ ಗುಂಪಿನಲ್ಲಿದ್ದೇನೆ.

ಗೋಕರ್ಣ ಅತ್ತೆ: ಅಯ್ಯೋ ಎಷ್ಟು ಚಂದ ಮಾರಾಯಾ! ನೀಲಿ ಮೇಲೆ ಕಿತ್ತಳೆ ಪಟ್ಟೆ. ಯಕ್ಷಗಾನದ ವೇಷ ಕಟ್ಟಿಕೊಂಡು ಬಂದ ಹಾಗಿದೆ.

ಸಣ್ಣಕ್ಕ: ಆ ನೀಲಿ ನಿಜವಾದ ನೀಲಿ ಅತ್ತೆ. ನವಿಲಿನದ್ದು, ಮಿಂಚುಳ್ಳಿಯದ್ದು ಎಲ್ಲ ಬೆಳಕಿನ ಆಟ. ಗರಿಯೊಳಗೆ ನೀಲಿ ಬಣ್ಣವೇ ಇರುವುದಿಲ್ಲ. ಈ ಮೀನಿನ ಚರ್ಮದಲ್ಲಿ ನೀಲಿ ಬಣ್ಣ ತುಂಬಿದ ಜೀವಕೋಶಗಳೇ ಇವೆ. ಅದು ಬಹಳ ಅಪರೂಪ. ಅದಿರಲಿ ಪುಟ್ಟ, ಟ್ಯಾಂಕ್ ಎಷ್ಟು ದೊಡ್ಡದು? ಶುರು ಮಾಡಿ ಎಷ್ಟು ದಿನ ಆಯ್ತು?

(ಸಣ್ಣಕ್ಕ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಅವಳು 'ಅದಿರಲಿ' ಅಂದಳು ಅಂದರೆ ನಾವೆಲ್ಲ ಸ್ವಲ್ಪ ನೆಟ್ಟಗೆ ಕೂತುಕೊಳ್ಳುತ್ತೇವೆ.)

ಪುಟ್ಟ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಎರಡು ತಿಂಗಳಾಯ್ತು. ಮೀನು ಬಂದು ಹನ್ನೆರಡು ದಿನ.

ಸಣ್ಣಕ್ಕ: ಅಂಚಿನವರೆಗೆ ತುಂಬಿದರೆ 56 ಲೀಟರ್. ಕಲ್ಲು, ಮರಳು ಕಳೆದರೆ 45. ಮೂರು ಕೊಡ ನೀರು. ಏನು ತಿನ್ನುತ್ತಿದೆ?

ಪುಟ್ಟ: ಪೆಲೆಟ್ ಹಾಕ್ತೇನೆ. ಅದನ್ನು ಮೂಸಿಯೂ ನೋಡುವುದಿಲ್ಲ. ಆದರೆ ಬೆಳಗಿನಿಂದ ಸಂಜೆ ತನಕ ಕಲ್ಲು ಕುಕ್ತಾನೇ ಇರುತ್ತದೆ. ದೊಡ್ಡ ಹೊಟ್ಟೆಬಾಕ! ಅಂಗಡಿಯವರು ಹೇಳಿದ್ದಾರೆ, ಸಾಧು ಮೀನು, ಬೆರಳುದ್ದ ಮಾತ್ರ ಬೆಳೆಯುತ್ತದೆ, ಬಿಳಿ ಚುಕ್ಕಿ ರೋಗ ಸುಲಭಕ್ಕೆ ಹತ್ತುವುದಿಲ್ಲ ಅಂತ.

ಸಣ್ಣಕ್ಕ: ಮೂರೂ ನಿಜ. ಮೈಮೇಲೆ ಹುರುಪೆ ಇಲ್ಲ, ದಪ್ಪ ಲೋಳೆ ಇದೆ, ಅದಕ್ಕೇ ಆ ರೋಗ ಕಡಿಮೆ. ಅವರು ಹೇಳಿದ್ದು ಸುಳ್ಳಲ್ಲ, ಹೇಳದೆ ಬಿಟ್ಟದ್ದೇ ಜಾಸ್ತಿ. ಅದು ಹೊಟ್ಟೆಬಾಕ ಅಲ್ಲ ಪುಟ್ಟ, ಹುಡುಕ್ತಾ ಇದೆ. ಕಲ್ಲಿನ ಸಂದಿಯಲ್ಲಿ ಕೋಪಿಪಾಡ್ ಅಂತ ಹುಳು ಇರುತ್ತವೆ. ಶೆಟ್ಲಿಯ, ಅಂದರೆ ಸಿಗಡಿಯ, ದೂರದ ನೆಂಟರು, ಗಾತ್ರ ಸಾಸಿವೆಗಿಂತ ಸಣ್ಣದು. ಅದಕ್ಕೆ ಅವೇ ಊಟ, ದಿನಕ್ಕೆ ಸಾವಿರ ಲೆಕ್ಕದಲ್ಲಿ ಬೇಕು. 300 ಲೀಟರ್ ಟ್ಯಾಂಕು, ತುಂಬಾ ಕಲ್ಲು, ಒಂದು ವರ್ಷವಾದರೂ ಹಳೆಯದಾಗಿರಬೇಕು, ಆಗ ಅವು ತಿಂದಷ್ಟೂ ಹುಟ್ಟುತ್ತವೆ. ನಿನ್ನ ಮೂರು ಕೊಡದಲ್ಲಿ ಇಷ್ಟೊತ್ತಿಗೆ ಖಾಲಿ ಆಗಿರಬೇಕು.

ಶಿರಸಿ ಭಾವ: ಸುಮ್ನೆ ಹುಡುಗನನ್ನು ಹೆದರಿಸಬೇಡಿ. ನಮ್ಮ ಮನೆ ನೀರಿನ ತೊಟ್ಟಿಗೆ ಸೊಳ್ಳೆ ಆಗ್ತದೆ ಅಂತ ಆರೋಗ್ಯ ಇಲಾಖೆಯವರು ನಾಲ್ಕು ಗಪ್ಪಿ ಬಿಟ್ಟು ಹೋದರು. ಈಗ ಲೆಕ್ಕ ಹಾಕಲಿಕ್ಕೇ ಆಗುವುದಿಲ್ಲ. ನಾನು ಒಂದು ದಿನ ಅನ್ನದ ಅಗುಳೂ ಹಾಕಿಲ್ಲ.

ಸಣ್ಣಕ್ಕ: ಭಾವ, ಗಪ್ಪಿ ಅಂದರೆ ಎಮ್ಮೆ, ಸಿಕ್ಕಿದ್ದು ಮೇಯುತ್ತದೆ. ಇದು ಹಾಗಲ್ಲ.

ಶಿರಸಿ ಭಾವ: ಕಲ್ಲೇ ಬೇಕು ಅಂದರೆ ನೇತ್ರಾಣಿ ದ್ವೀಪಕ್ಕೆ ಹೋಗುವವರ ಹತ್ತಿರ ಎರಡು ಹವಳದ ಕಲ್ಲು ತರಿಸಿದರಾಯ್ತಪ್ಪ.

ಸಣ್ಣಕ್ಕ: ಹವಳ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಹುಲಿ ಇರುವ ಪಟ್ಟಿಯಲ್ಲೇ. ತರಿಸಿ, ಜಾಮೀನಿಗೆ ನೀವೇ ಬನ್ನಿ.

(ಇಲ್ಲಿ ಭಾವ ಒಂದು ಗಂಟೆ ಕಾಣೆ. ಆ ಹೊತ್ತಿಗೆ ಬಂದರು ಮಾವ ಬಂದರು. ಬೈತಖೋಲದಲ್ಲಿ ಅವರದು ಒಂದು ಬೋಟು ಇದೆ. ಅವರು ಬರೆಯುವುದಿಲ್ಲ, ಧ್ವನಿ ಸಂದೇಶ ಹಾಕುತ್ತಾರೆ. ಹಿಂದೆ ಎಂಜಿನ್ ಸದ್ದು. ಕೇಳಿ ಬರೆದದ್ದು ನಾನು.)

ಬಂದರು ಮಾವ: ತಮಾ, ಮೀನಿನ ಸುದ್ದಿ ಆಮೇಲೆ. ನೀರು ಎಲ್ಲಿಂದ ತರ್ತೀಯಾ?

ಪುಟ್ಟ: ಟಾಗೋರ್ ಕಡಲತೀರದಿಂದ ಮಾವ. ಮನೆ ಮುಂದೆ ಸಮುದ್ರ ಇಟ್ಟುಕೊಂಡು ಉಪ್ಪಿನ ಪ್ಯಾಕೆಟ್ಟಿಗೆ ಯಾರು ದುಡ್ಡು ಕೊಡ್ತಾರೆ? ಸೆಕೆಗೆ ನೀರು ಇಳಿದಷ್ಟೂ ಎರಡು ಬಾಟಲಿ ಸಮುದ್ರದ ನೀರು ಸೇರಿಸ್ತೇನೆ. ಮಟ್ಟ ಒಂದು ಬೆರಳೂ ಇಳಿಯಲಿಕ್ಕೆ ಬಿಟ್ಟಿಲ್ಲ.

ಗೋಕರ್ಣ ಅತ್ತೆ: ಇಳಿದ ನೀರಿಗೆ ಉಪ್ಪು ನೀರು ಹಾಕ್ತೀಯಾ?

ಪುಟ್ಟ: ಹೌದತ್ತೆ. ಸಮುದ್ರದ ಮೀನಲ್ವಾ.

ಗೋಕರ್ಣ ಅತ್ತೆ: ದಡ್ಡ. ಅದು ಟ್ಯಾಂಕ್ ಅಲ್ಲ, ಆಗರ! ನಮ್ಮ ಸಾಣಿಕಟ್ಟೆಯಲ್ಲಿ ಉಪ್ಪು ಮಾಡೋದು ಹೇಗೆ ಅಂದುಕೊಂಡಿದ್ದೀ? ಅಘನಾಶಿನಿಯ ಉಬ್ಬರದ ನೀರು ಒಳಗೆ ಬಿಡ್ತಾರೆ. ಬಿಸಿಲಿಗೆ ನೀರು ಹೋಗ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಮತ್ತೆ ನೀರು, ಮತ್ತೆ ಬಿಸಿಲು. ಕೊನೆಗೆ ಗದ್ದೆಯಲ್ಲಿ ಬೆಳ್ಳಗೆ ಕೂರ್ತದೆ. ನೀನು ಬೆಡ್‌ರೂಮಿನಲ್ಲಿ ಅದನ್ನೇ ಮಾಡ್ತಾ ಇದ್ದೀಯಾ.

(ಅತ್ತೆ ಗುಂಪಿನಲ್ಲಿ ಇಷ್ಟು ಉದ್ದ ಬರೆದದ್ದು ನಾನು ನೋಡಿರಲಿಲ್ಲ. ಯಾರೋ ಮೂವರು ಒಟ್ಟಿಗೆ ಚಪ್ಪಾಳೆ ಹಾಕಿದರು. ನಾನು ಲೆಕ್ಕ ಮಾಡಿ ಹಾಕಿದೆ.)

ನಾನು: ಪುಟ್ಟ, ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 45 ಲೀಟರಿಗೆ ಒಂದೂವರೆ ಕಿಲೋ ಚಿಲ್ಲರೆ. ದಿನಕ್ಕೆ ಅರ್ಧ ಲೀಟರ್ ಆರುತ್ತದೆ ಅಂತ ಇಟ್ಟುಕೋ. ಅದಕ್ಕೆ ಸಮುದ್ರದ ನೀರೇ ಹಾಕಿದರೆ ಇಪ್ಪತ್ತು ದಿನಕ್ಕೆ 350 ಗ್ರಾಂ ಜಾಸ್ತಿ. ಲೀಟರಿಗೆ 43ರ ಹತ್ತಿರ ಹೋಯ್ತು. ಆರಿದ್ದಕ್ಕೆ ಸಿಹಿನೀರು ಹಾಕಬೇಕು, ಅದೂ ಕ್ಲೋರಿನ್ ಇಲ್ಲದ್ದು.

ಬಂದರು ಮಾವ: ಇನ್ನು ಹತ್ತು ದಿನಕ್ಕೆ ಜೂನ್. ಮಳೆ ಹತ್ತಿದ ಮೇಲೆ ಕಾಳಿ ನದಿ ಕೆಂಪಾಗಿ ಇಳಿದು ಬರ್ತದೆ. ಆಗ ಅದೇ ದಂಡೆ ನೀರು ಬಾಯಿಗೆ ಹಾಕಿ ನೋಡು, ಅರ್ಧ ಸಪ್ಪೆ, ಅರ್ಧ ರಾಡಿ. ಆಗ ಎಲ್ಲಿಂದ ತರ್ತೀ?

ಪುಟ್ಟ: ಎಲ್ಲರೂ ಒಟ್ಟಿಗೆ ಬಿದ್ದರೆ ನಾನೇನು ಹೇಳಲಿ. ಒಂದು ಕೇಳ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮಾವ. ನಿಮ್ಮ ಬೋಟು ಒಂದು ಟ್ರಿಪ್ಪಿಗೆ ಎಷ್ಟು ಮೀನು ತರ್ತದೆ? ಅದರಲ್ಲಿ ಬೆರಳುದ್ದದ ಮರಿಗಳು ಎಷ್ಟು? ಅವು ಗೊಬ್ಬರಕ್ಕೂ ಮೀನುಹುಡಿಗೂ ಹೋಗ್ತವೆ. ಯಾರೂ ಮಾತಾಡುವುದಿಲ್ಲ. ನಾನು ಒಂದು ಮೀನು ಪ್ರೀತಿಯಿಂದ ಸಾಕಿದರೆ ಇಡೀ ಮನೆಗೆ ಕರುಣೆ ಬಂತು. ರಾತ್ರಿ ಎಲ್ಲರ ತಟ್ಟೆಯಲ್ಲೂ ಬಂಗಡೆ ಇತ್ತಲ್ಲ?

ಶಿರಸಿ ಭಾವ: ಇದು ಪಾಯಿಂಟು!

(ಒಂದು ಸಂದೇಶ ಅಳಿಸಲಾಗಿದೆ. ಅದು ಚಿಕ್ಕಮ್ಮನದ್ದು, ನಾನು ಓದಿಬಿಟ್ಟಿದ್ದೆ, ಹೇಳುವುದಿಲ್ಲ.)

ಬಂದರು ಮಾವ: ಬೇಜಾರು ಯಾಕೆ. ಮರಿ ಬರ್ತವೆ, ಹೌದು, ತಪ್ಪೇ. ಅದು ಬೇರೆ ಜಗಳ, ಚೌತಿಗೆ ಮನೆಗೆ ಬಾ, ಎದುರು ಕೂತು ಮಾಡೋಣ. ಆದರೆ ತಮಾ, ನನ್ನ ಬೋಟಿನಲ್ಲಿ ಮೀನು ಬೇಗ ಸಾಯ್ತದೆ. ನಿನ್ನದು ಎರಡು ತಿಂಗಳು ಸಾಯ್ತದೆ.

ಇದಾದ ಮೇಲೆ ಗುಂಪಿನಲ್ಲಿ ಹದಿನೈದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಪುಟ್ಟನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಬರುವುದು, ಹೋಗುವುದು. ಅವನು ಕೇಳಿದ್ದು ಅನ್ಯಾಯದ ಪ್ರಶ್ನೆ ಅಂತ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಮಾವ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು: 2017ರಲ್ಲಿ ನಾನೂ ಇದೇ ಮೀನು ತಂದಿದ್ದೆ. ಕುಮಟಾ ಮನೆಯಲ್ಲಿ, ಎರಡೂವರೆ ಅಡಿ ಟ್ಯಾಂಕು. 79 ದಿನ ಬದುಕಿತ್ತು. 75ನೇ ದಿನದವರೆಗೂ ನಾನು ಎಲ್ಲರಿಗೂ 'ಚೆನ್ನಾಗಿದೆ' ಅಂತಲೇ ಹೇಳುತ್ತಿದ್ದೆ. ದಿನವಿಡೀ ಕುಕ್ಕುತ್ತಿತ್ತಲ್ಲ, ತಿನ್ನುತ್ತಿದೆ ಅಂದುಕೊಂಡೆ. ಬಣ್ಣ ಒಂಚೂರೂ ಮಾಸಲಿಲ್ಲ. ಪಕ್ಕದಿಂದ ನೋಡಿದರೆ ರೆಕ್ಕೆ, ಬಣ್ಣ, ಅದೇ ಚಂದ. ಒಂದು ದಿನ ಗಾಜು ಒರೆಸುವಾಗ ಮೇಲಿಂದ ನೋಡಿದೆ. ತಲೆ ಮಾತ್ರ ದೊಡ್ಡದು, ಕಿವಿರಿನ ಹಿಂದೆ ಒಮ್ಮೆಲೇ ಸಪೂರ. ಬತ್ತಿದ ಮೆಣಸಿನಕಾಯಿ ಹಾಗೆ. ಆಗ ಏನು ಹಾಕಿದರೂ ತಿನ್ನುವ ಶಕ್ತಿ ಇರಲಿಲ್ಲ. ನಿನಗೆ ಬೈಯುವುದಿಲ್ಲ. ಎರಡು ಕೆಲಸ ಮಾಡು. ಮೇಲಿಂದ ಒಂದು ಫೋಟೋ ತೆಗೆ. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಗಾಜಿಗೆ ಟಾರ್ಚ್ ಹಿಡಿ. ಕೋಪಿಪಾಡ್ ಇದ್ದರೆ ಬಿಳಿ ಚುಕ್ಕಿಗಳು ಗಾಜಿನ ಮೇಲೆ ಜಿಗಿಯುತ್ತಾ ಓಡಾಡುತ್ತವೆ. ಎಣಿಸು.

ದೊಡ್ಡಪ್ಪ: ಪಾಪ, ಮೂಕಪ್ರಾಣಿ. ನಾಳೆ ಬೆಳಿಗ್ಗೆ ಸಮುದ್ರಕ್ಕೆ ಬಿಟ್ಟು ಕೈಮುಗಿದು ಬಾ. ಇಲ್ಲಿಗೆ ಈ ಚರ್ಚೆ ಸಾಕು.

ಸಣ್ಣಕ್ಕ: ದೊಡ್ಡಪ್ಪ, ದಯವಿಟ್ಟು ಬೇಡ. ಅದು ಪೆಸಿಫಿಕ್ ಕಡೆಯ ಹವಳದ ಮೀನು. ನಮ್ಮ ದಂಡೆಯ ಕೆಸರು ಮರಳಲ್ಲಿ ಬಿಟ್ಟರೆ ಸಾಯುತ್ತದೆ. ಸಾಯದೆ ಉಳಿಯುವ ಜಾತಿ ಆದರೆ ಇನ್ನೂ ಕಷ್ಟ. ನಮ್ಮ ಕಡೆ ಸಮುದ್ರದ ಲಯನ್ ಫಿಶ್ 1985ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು. ಯಾರೋ ಸಾಕಿ ಬಿಟ್ಟದ್ದೇ ಇರಬೇಕು ಅನ್ನುತ್ತಾರೆ. ಈಗ ಕೆರಿಬಿಯನ್ ಪೂರ್ತಿ ಅದೇ, ಅಲ್ಲಿಯ ಸಣ್ಣ ಮೀನುಗಳನ್ನೆಲ್ಲ ನುಂಗುತ್ತಿದೆ.

ದೊಡ್ಡಪ್ಪ: ಶುಭರಾತ್ರಿ.

ರಾತ್ರಿ ಹತ್ತೂವರೆಗೆ ಪುಟ್ಟನ ಫೋಟೋ ಬಂತು. ಮೇಲಿಂದ ತೆಗೆದದ್ದು, ಸ್ವಲ್ಪ ಮಸುಕು. ಕೆಳಗೆ ಎರಡು ಸಾಲು.

ಪುಟ್ಟ: ಕಿವಿರಿನ ಹಿಂದೆ ಸ್ವಲ್ಪ ಒಳಗೆ ಹೋಗಿದೆ ಅಲ್ವಾ ಅಣ್ಣಾ?
ಪುಟ್ಟ: ನಾಲ್ಕು ಗಾಜೂ ನೋಡಿದೆ. ಚುಕ್ಕಿ ನಾಲ್ಕು.

ಸಣ್ಣಕ್ಕ: ಇನ್ನೂ ಸಮಯ ಇದೆ. ಆರ್ಟೀಮಿಯಾ ಅನ್ನುವ ಪುಟಾಣಿ ಶೆಟ್ಲಿಯ ಮೊಟ್ಟೆ ತರಿಸು. ಎರಡು ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸು, ಉಪ್ಪು ನೀರು ಹಾಕಿ ಕೆಳಗಿಂದ ಗಾಳಿ ಕೊಡು. ಈ ಸೆಕೆಗೆ ಒಂದೇ ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಕೆಳಗೆ ಟಾರ್ಚ್ ಇಟ್ಟರೆ ಮರಿಗಳು ಬೆಳಕಿಗೆ ಬಂದು ಸೇರುತ್ತವೆ. ಸೋಸಿ, ಸಿಹಿನೀರಲ್ಲಿ ಒಮ್ಮೆ ತೊಳೆದು, ಆವತ್ತೇ ಹಾಕು. ಇಟ್ಟು ಹಾಕಿದರೆ ಅದರಲ್ಲಿ ಸತ್ವ ಇರುವುದಿಲ್ಲ. ಆ ಪೆಲೆಟ್ ಮಾತ್ರ ನಿಲ್ಲಿಸು. ಕೊಳೆತು ಅಮೋನಿಯಾ ಆಗ್ತದೆ, ಮೂರು ಕೊಡಕ್ಕೆ ಅದೇ ವಿಷ.

ನಾನು: ಇದು ವಾರದ ಮಟ್ಟಿಗೆ. ಮಡಗಾಂವಿನಲ್ಲಿ ನನ್ನ ಜೊತೆ ಓದಿದವನೊಬ್ಬ ಇದ್ದಾನೆ. 500 ಲೀಟರ್, ಮೂರು ವರ್ಷದ ಟ್ಯಾಂಕು, ಮ್ಯಾಂಡರಿನ್ ಒಂದೂ ಇಲ್ಲ. ಕೇಳಿದ್ದೇನೆ, ಇಟ್ಟುಕೊಳ್ಳುತ್ತಾನಂತೆ.

ಪುಟ್ಟ: ಮೂರೂವರೆ ಸಾವಿರ ಅಣ್ಣಾ.

ಚಿಕ್ಕಮ್ಮ: ಎಂಟುನೂರು ಅಲ್ವಾ?

ಶನಿವಾರ ಬೆಳಗಿನ ರೈಲಿಗೆ ಪುಟ್ಟ ಶಿರವಾಡ ಸ್ಟೇಷನ್ನಿನಿಂದ ಹೊರಟ. ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ, ಕತ್ತಲಾಗಲಿ ಅಂತ ಮೇಲೆ ಪೇಪರು. ಮಾವ ತಮ್ಮ ಥರ್ಮಾಕೋಲ್ ಪೆಟ್ಟಿಗೆ ಕೊಟ್ಟಿದ್ದರು. ಎಷ್ಟು ತೊಳೆದರೂ ಬಂಗಡೆ ವಾಸನೆ ಹೋಗಲಿಲ್ಲವಂತೆ. ರೈಲಿನಲ್ಲಿ ಒಬ್ಬರು ಕಿಲೋ ಹೇಗೆ ಅಂತ ಕೇಳಿದರಂತೆ.

ಮಡಗಾಂವಿನಲ್ಲಿ ಚೀಲದ ನೀರಿಗೆ ಟ್ಯಾಂಕಿನ ನೀರು ಹನಿಹನಿಯಾಗಿ ಬಿಡುತ್ತಾ ಒಂದೂವರೆ ಗಂಟೆ ಕೂತರು. ಪುಟ್ಟನ ನೀರು ಅಷ್ಟು ಉಪ್ಪಾಗಿತ್ತು. ಸಂಜೆ ವಿಡಿಯೋ ಬಂತು. ಎತ್ತರದ ಕಲ್ಲಿನ ಬುಡದಲ್ಲಿ ಮೀನು ನಿಂತು ಕುಕ್ಕುತ್ತಿದೆ. ಒಂದು ಸಲ, ಸ್ವಲ್ಪ ಸರಿದು ಇನ್ನೊಂದು ಸಲ.

ಗೋಕರ್ಣ ಅತ್ತೆ: ಈಗ ಹುಡುಕ್ತಾ ಇದೆಯಾ, ತಿಂತಾ ಇದೆಯಾ?

ಸಣ್ಣಕ್ಕ: ಒಂದು ತಿಂಗಳು ಬಿಟ್ಟು ಮೇಲಿಂದ ನೋಡಿದರೆ ಗೊತ್ತಾಗುತ್ತದೆ ಅತ್ತೆ.

ಪುಟ್ಟ: ಖಾಲಿ ಟ್ಯಾಂಕಿಗೆ ಈಗ ಏನು ಹಾಕಲಿ?

ಸಣ್ಣಕ್ಕ: ಮೊದಲು ಉಪ್ಪು ಅಳೆಯುವ ಮೀಟರು. ಆಮೇಲೆ ಬೇಕಾದರೆ ಒಂದು ಜೋಡಿ ಕ್ಲೌನ್ ಮೀನು. ಮೊಟ್ಟೆಯಿಂದ ಮರಿ ಮಾಡಿಸಿ ಬೆಳೆಸಿದ್ದೇ ಸಿಗ್ತವೆ. ಅವು ಪೆಲೆಟ್ ತಿನ್ನುತ್ತವೆ.

ಶಿರಸಿ ಭಾವ: ಗಪ್ಪಿ ಬೇಕಾದರೆ ಹೇಳು. ಪುಕ್ಕಟೆ.

ಬಂದರು ಮಾವ: ತಮಾ, ಪೆಟ್ಟಿಗೆ ತಂದೆಯಾ? ಒಂದನೇ ತಾರೀಖಿಂದ ಮಳೆಗಾಲಕ್ಕೆ ಬೋಟು ಬಂದ್. ಕೊನೇ ಟ್ರಿಪ್ಪಿಗೆ ಅದು ಬೇಕು.