ಇಂಫಾಲದ ಮುತ್ತಿಗೆಯಲ್ಲಿ ಡಕೋಟಾಗಳು ಸರಕು ತಲುಪಿಸಿದ ಬಗೆ

ಪ್ರಶ್ನೆ (ಕೋಥ್ರೂಡ್, ಪುಣೆ):
ನಮ್ಮ ಕನ್ನಡ ಸಂಘದ ಓದುಕೂಟದಲ್ಲಿ ಬರ್ಮಾ ಯುದ್ಧದ ಬಗ್ಗೆ ಮಾತನಾಡಬೇಕಾಗಿದೆ. 1944ರಲ್ಲಿ ಜಪಾನಿ ಸೇನೆ ಕೊಹಿಮಾ ರಸ್ತೆಯನ್ನು ಕಡಿದ ಮೇಲೆ ಇಂಫಾಲದಲ್ಲಿದ್ದ ಬ್ರಿಟಿಷ್-ಭಾರತೀಯ ಸೈನಿಕರಿಗೆ ಬೇಕಾದುದೆಲ್ಲವನ್ನೂ ಪ್ಯಾರಾಚೂಟಿನಲ್ಲೇ ಇಳಿಸುತ್ತಿದ್ದರೇ?

ಉತ್ತರ (ದಾದರ್, ಮುಂಬೈ):
ಇಲ್ಲ ರಾಯರೇ. ಇಂಫಾಲದ ಬಯಲಿನಲ್ಲಿ ವಿಮಾನ ನಿಲ್ದಾಣಗಳಿದ್ದುದರಿಂದ ಡಕೋಟಾ ಎಂಬ ಸರಕು ವಿಮಾನಗಳು ನೇರವಾಗಿ ಇಳಿದು, ಹಿಂದಿರುಗುವಾಗ ಗಾಯಾಳುಗಳನ್ನು ಹೊತ್ತೊಯ್ಯುತ್ತಿದ್ದವು. ಮೇಲಿನಿಂದ ಎಸೆಯಬೇಕಾಗಿದ್ದದ್ದು ಗುಡ್ಡಗಳ ನಡುವಿನ ಮುಂಚೂಣಿ ಠಾಣೆಗಳಿಗೆ. ಅಕ್ಕಿಯಂಥ ಧಾನ್ಯವನ್ನು ಚೀಲದೊಳಗೆ ಚೀಲವಿಟ್ಟು, ಪ್ಯಾರಾಚೂಟಿಲ್ಲದೆಯೇ ಕೆಡವುತ್ತಿದ್ದರು. ನೆಲಕ್ಕೆ ಬಡಿದು ಒಳಚೀಲ ಒಡೆದರೂ ಸಡಿಲವಾದ ಹೊರಚೀಲ ಕಾಳನ್ನು ಹಿಡಿದಿಡುತ್ತಿತ್ತು. ಮದ್ದುಗುಂಡು, ಔಷಧಗಳಿಗೆ ಮಾತ್ರ ಪ್ಯಾರಾಚೂಟು ಬೇಕೇ ಬೇಕು. ರೇಷ್ಮೆಯ ಕೊರತೆ ತೀವ್ರವಾದಾಗ ಅಲ್ಲಿನ ಬ್ರಿಟಿಷ್ 14ನೇ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ಅವರ ಅಧಿಕಾರಿಗಳು ಕಲ್ಕತ್ತೆಯಲ್ಲಿ ಸೆಣಬಿನ ಪ್ಯಾರಾಚೂಟುಗಳನ್ನು ಮಾಡಿಸಿದರು. ಆ ಜಾಣ್ಮೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲವೆಂದು ನನ್ನ ಭಾವನೆ.

ಉತ್ತರ (ವಾಸ್ಕೊ, ಗೋವಾ):
ಮೇಲಿನ ಮಾತಿಗೆ ವಿಮಾನದೊಳಗಿನವರ ಶ್ರಮವನ್ನೂ ಸೇರಿಸುತ್ತೇನೆ. ಪಕ್ಕದ ಬಾಗಿಲಿನಿಂದ ಒಂದೊಂದು ಸುತ್ತಿನಲ್ಲಿ ಕೆಲವೇ ಮೂಟೆಗಳನ್ನು ನೂಕಲು ಸಾಧ್ಯವಿದ್ದುದರಿಂದ, ಮಳೆಗಾಲದ ಮೋಡಗಳ ನಡುವೆ ಇಕ್ಕಟ್ಟಾದ ಕಣಿವೆಯ ಮೇಲೆ ತಗ್ಗಿನಲ್ಲಿ, ನಿಧಾನವಾಗಿ, ಮತ್ತೆ ಮತ್ತೆ ಸುತ್ತು ಹೊಡೆಯಬೇಕಾಗುತ್ತಿತ್ತು. ಮಿತ್ರಪಕ್ಷದ ಯುದ್ಧವಿಮಾನಗಳು ಆಕಾಶವನ್ನು ಕಾಯದಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಮಾರ್ಚ್‌ನಲ್ಲಿ 5ನೇ ಭಾರತೀಯ ಡಿವಿಷನ್ ತನ್ನ ಫಿರಂಗಿ, ಹೇಸರಗತ್ತೆಗಳ ಸಮೇತ ಬರ್ಮಾದ ಕರಾವಳಿ ಪ್ರದೇಶವಾದ ಅರಾಕಾನಿನಿಂದ ವಿಮಾನಗಳಲ್ಲೇ ಬಂದದ್ದನ್ನೂ ತಾವು ಮರೆಯದೆ ಹೇಳಿ. ಜೂನ್ 22ರಂದು ರಸ್ತೆ ತೆರೆದರೂ ಡಕೋಟಾಗಳಿಗೆ ಬಿಡುವು ಸಿಗಲಿಲ್ಲ. ಬರ್ಮಾದೊಳಕ್ಕೆ ನುಗ್ಗಿದ 14ನೇ ಸೇನೆಗೂ ಅವೇ ಆಧಾರವಾದವು.