‘ಹುಟ್ಟುಗುಣ’ ಅಂದರೆ ಕೆಟ್ಟದ್ದೇ ಆಗಬೇಕಾ?

ಎಲ್ಲರಿಗೂ ನಮಸ್ಕಾರ,

ನಾಲ್ಕು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಬೀಜಿಂಗ್‌ನಲ್ಲಿ ಹುಟ್ಟಿದ ಸಿನಿಮಾ ನಿರ್ದೇಶಕಿ ಕ್ಲೋಯಿ ಝಾವ್ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಲೇಖನ ಬರೆಯುತ್ತಿದ್ದೇನೆ. 2021ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಚಿತ್ರಕ್ಕೆ ಅವರಿಗೆ ನಿರ್ದೇಶನದ ಆಸ್ಕರ್ ಬಂತು. ಆ ಪ್ರಶಸ್ತಿ ಪಡೆದ ಹೆಂಗಸರಲ್ಲಿ ಅವರು ಎರಡನೆಯವರು. ವೇದಿಕೆ ಮೇಲೆ ಅವರು ಚಿಕ್ಕಂದಿನ ಒಂದು ಆಟ ನೆನೆದರು. ಅಪ್ಪ, ಮಗಳು ಹಳೆಯ ಚೀನೀ ಪದ್ಯಗಳನ್ನು ಬಾಯಿಪಾಠ ಮಾಡಿ, ಒಬ್ಬರು ಅರ್ಧ ಹೇಳಿದ್ದನ್ನು ಇನ್ನೊಬ್ಬರು ಮುಗಿಸುತ್ತಿದ್ದರಂತೆ. ಆಮೇಲೆ ಮ್ಯಾಂಡರಿನ್‌ನಲ್ಲೇ ಆರು ಅಕ್ಷರ ಹೇಳಿದರು: ‘ರೆನ್ ಝಿ ಚು, ಶಿಂಗ್ ಬೆನ್ ಶಾನ್.’

ಚೀನಾದ ಮಕ್ಕಳು ನೂರಾರು ವರ್ಷ ಉರು ಹೊಡೆದ ಮೂರಕ್ಷರದ ಪಾಠದ ಮೊದಲ ಸಾಲು ಇದು. ‘ರೆನ್’ ಅಂದರೆ ಮನುಷ್ಯ, ‘ಚು’ ಅಂದರೆ ಮೊದಲು, ‘ಬೆನ್’ ಅಂದರೆ ಮೂಲದಲ್ಲಿ, ‘ಶಾನ್’ ಅಂದರೆ ಒಳ್ಳೆಯದು. ತೊಡಕಿರುವುದು ‘ಶಿಂಗ್’ನಲ್ಲಿ. ಬರೆದಾಗ ಆ ಅಕ್ಷರದ ಎಡಕ್ಕೆ ಹೃದಯದ ಗುರುತು, ಬಲಕ್ಕೆ ಹುಟ್ಟಿನ ಗುರುತು. ನೋಡಿದ ಕೂಡಲೇ ‘ಹುಟ್ಟುಗುಣ’ ಅಂತ ಬರೆದೆ. ಓದಿಕೊಂಡರೆ ಏನೋ ಕಸಿವಿಸಿ.

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವ ಗಾದೆ ತಲೆಯಲ್ಲಿ ಕೂತಿದೆ. ಒಳ್ಳೆಯವರನ್ನು ನೋಡಿ ಈ ಗಾದೆ ಹೇಳಿದ್ದನ್ನು ನಾನು ಕೇಳಿಲ್ಲ. ‘ಹುಟ್ಟಾ ಸೋಮಾರಿ’, ‘ಹುಟ್ಟಾ ಜಿಪುಣ’ ಅನ್ನುವಾಗಲೂ ಹಾಗೇ. ಆದರೆ ಬರೀ ‘ಗುಣ’ ಅಂದರೆ ನಮ್ಮ ಮಾತು ಒಳ್ಳೆಯದರ ಕಡೆಗೇ ವಾಲುತ್ತದೆ, ಅಲ್ವಾ? ಗುಣವಂತೆ ಅಂದರೆ ಒಳ್ಳೆಯ ಗುಣ ಇರುವವಳು. ಜ್ವರ ಬಿಟ್ಟರೆ ‘ಗುಣವಾಯಿತು’ ಅಂತೀವಿ. ಹಿಂದೆ ‘ಹುಟ್ಟು’ ಸೇರಿದ ತಕ್ಷಣ ಅದೇ ಪದ ಯಾಕೆ ಮಗುಚಿಕೊಳ್ಳುತ್ತದೆ?

‘ಸ್ವಭಾವ’ ಹಾಕಬಹುದು. ಅದರಲ್ಲಿ ಹುಟ್ಟು ಕಾಣುವುದಿಲ್ಲ. ‘ಮೂಲಗುಣ’ ಪಠ್ಯಪುಸ್ತಕದ ಮಾತಾಯಿತು.

ಸುಮ್ನೆ ಹಠ ಅಂದುಕೊಳ್ಳಬೇಡಿ. ಆ ಸಾಲನ್ನು ಇವತ್ತಿಗೂ ನಂಬುತ್ತೇನೆ ಅಂದವರು ಝಾವ್. ಅವರ ಸಿನಿಮಾಗಳಲ್ಲೂ ಆ ನಂಬಿಕೆ ಕಾಣುತ್ತದೆ. 2017ರ ‘ದಿ ರೈಡರ್’ನಲ್ಲಿ ರೋಡಿಯೋ ಅನ್ನುವ ಕುದುರೆ ಪಳಗಿಸುವ ಪಂದ್ಯದಲ್ಲಿ ತಲೆಗೆ ಪೆಟ್ಟಾದ, ಅಮೆರಿಕದ ಮೂಲನಿವಾಸಿ ಲಕೋಟಾ ಜನಾಂಗದ ಯುವಕ ಬ್ರೇಡಿ ಜಾಂಡ್ರೋ ತನ್ನದೇ ಕಥೆಗೆ ಹತ್ತಿರವಾದ ಪಾತ್ರ ಮಾಡಿದ್ದಾನೆ. ತಂದೆ, ತಂಗಿಯಾಗಿ ನಟಿಸಿದವರೂ ಅವನ ಸ್ವಂತ ತಂದೆ, ತಂಗಿಯೇ. ನೊಮ್ಯಾಡ್‌ಲ್ಯಾಂಡ್‌ನಲ್ಲಿ ವಾಹನದಲ್ಲೇ ಬದುಕಿದ ಲಿಂಡಾ ಮೇ, ಸ್ವ್ಯಾಂಕಿ ತಾವು ತಾವಾಗಿಯೇ ಬರುತ್ತಾರೆ. ಕ್ಯಾಮೆರಾ ಅವರನ್ನು ಅಳೆಯುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತದೆ. ಇಂಥವರ ಬಾಯಿಂದ ಬಂದ ಸಾಲಿಗೆ ಅನುಮಾನದ ವಾಸನೆ ಇರುವ ಪದ ಹಾಕಲು ಮನಸ್ಸು ಒಪ್ಪುವುದಿಲ್ಲ.

‘ಪ್ರತಿಯೊಂದು ಮಗುವೂ ಹುಟ್ಟುತ್ತಲೇ ವಿಶ್ವಮಾನವ’ ಅನ್ನುವ ಕುವೆಂಪು ಅವರ ಮಾತು ನೆನಪಾಯಿತು. ಆ ‘ಹುಟ್ಟುತ್ತಲೇ’ಯಲ್ಲಿ ಕೊಂಕಿಲ್ಲ. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಹುಟ್ಟುತ್ತಾ ಎಲ್ಲರ ಗುಣ ಒಳ್ಳೆಯದೇ.’ ‘ಮನುಷ್ಯ’ ಬಿಟ್ಟದ್ದು ಬೇಕೆಂದೇ. ‘ರೆನ್’ಗೆ ಗಂಡು, ಹೆಣ್ಣು ಇಲ್ಲ, ನಮ್ಮ ‘ಮನುಷ್ಯ’ ಗಂಡಸಿನ ಕಡೆಗೆ ವಾಲುತ್ತದೆ.

ಮುಂದಿನ ಸಾಲಿನ ಅರ್ಥ: ಗುಣದಲ್ಲಿ ಎಲ್ಲರೂ ಹತ್ತಿರ, ‘ಶಿ’ಯಿಂದ ದೂರ. ಈ ‘ಶಿ’ಗೆ ‘ರೂಢಿ’ ಸರಿಹೋಗುತ್ತದಾ, ‘ಅಭ್ಯಾಸ’ವಾ?

ನಿಮ್ಮ ಕಡೆ ‘ಹುಟ್ಟುಗುಣ’ವನ್ನು ಹೊಗಳಿಕೆಯಾಗಿ ಆಡುವುದು ಉಂಟಾ? ಒಂದೇ ಒಂದು ಬಳಕೆ ಸಿಕ್ಕರೂ ಸಾಕು, ಮೊದಲು ಬರೆದ ಪದವನ್ನೇ ವಾಪಸ್ ಹಾಕುತ್ತೇನೆ.